ಎಕ್ಸ್‌ಪಾತ್‌ನಲ್ಲಿ ‘ಎಷ್ಟನೆಯದು?’: ಲ್ಯಾಬ್‌ವ್ಯೂ ಕಲಿಯುವವರಿಗೆ ಒಂದು ಟಿಪ್ಪಣಿ

ಬೆಂಗಳೂರಿನಲ್ಲಿ ಆಟೊ ಹತ್ತಿ ‘1ನೇ ಅಡ್ಡರಸ್ತೆಗೆ ಹೋಗೋಣ’ ಎಂದರೆ ಚಾಲಕರು ಮೊದಲು ಕೇಳುವುದು ‘ಯಾವ ಬಡಾವಣೆ?’ ಎಂದೇ. ಬಡಾವಣೆ ಬಡಾವಣೆಗೂ ಒಂದೊಂದು 1ನೇ ಅಡ್ಡರಸ್ತೆ ಇರುವ ಊರು ಇದು. ಟ್ಯಾಗ್‌ಗಳೊಳಗೆ ಮಾಹಿತಿ ಜೋಡಿಸಿಟ್ಟ ಎಕ್ಸ್‌ಎಂಎಲ್ ಕಡತದಲ್ಲಿ ಒಂದು ನೋಡ್ (ಕಡತದ ಒಂದು ಘಟಕ, ಉದಾಹರಣೆಗೆ ಒಂದು ಟ್ಯಾಗ್ ಮತ್ತು ಅದರೊಳಗಿನದು) ಎಷ್ಟನೆಯದು ಎಂದು, ಅಂಥ ಕಡತದಲ್ಲಿ ಹುಡುಕುವ ಭಾಷೆಯಾದ ಎಕ್ಸ್‌ಪಾತ್ ಮೂಲಕ ವಿಚಾರಿಸುವಾಗಲೂ ಇದೇ ಮರುಪ್ರಶ್ನೆ ಏಳುತ್ತದೆ: ಯಾರ ಮಕ್ಕಳಲ್ಲಿ (ಅಂದರೆ ಯಾವ ನೋಡ್‌ನ ಒಳಗಿರುವವುಗಳಲ್ಲಿ) ಎಷ್ಟನೆಯದು? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ನಾನು ಎರಡು ಸಂಜೆ ಕಳೆದುಕೊಂಡೆ. ನೀವು ಕಳೆದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಅಭ್ಯಾಸಕ್ಕೆ ನಮ್ಮ ಮೆಟ್ರೊದ ನಿಲ್ದಾಣಗಳನ್ನು ತೆಗೆದುಕೊಂಡಿದ್ದೆ. ಮೊದಲ ‘ಮಾರ್ಗ’ದಲ್ಲಿ 2011ರ ಅಕ್ಟೋಬರ್ 20ರಂದು ಆರಂಭವಾದ ನೇರಳೆ ಮಾರ್ಗದ ಆರು ನಿಲ್ದಾಣಗಳು: ಬೈಯಪ್ಪನಹಳ್ಳಿ, ಸ್ವಾಮಿ ವಿವೇಕಾನಂದ ರಸ್ತೆ, ಇಂದಿರಾನಗರ, ಹಲಸೂರು, ಟ್ರಿನಿಟಿ, ಮಹಾತ್ಮ ಗಾಂಧಿ ರಸ್ತೆ. ಎರಡನೆಯದರಲ್ಲಿ 2014ರ ಮಾರ್ಚ್‌ನಲ್ಲಿ ಸಂಚಾರ ಶುರುವಾದ ಹಸಿರು ಮಾರ್ಗದ ಹತ್ತು ನಿಲ್ದಾಣಗಳು, ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿವರೆಗೆ. ಕಡತದ ಆಕಾರ ಹೀಗಿದೆ:

<ಮೆಟ್ರೊ>
  <ಮಾರ್ಗ>
    <ನಿಲ್ದಾಣ>ಬೈಯಪ್ಪನಹಳ್ಳಿ</ನಿಲ್ದಾಣ>
    …
  </ಮಾರ್ಗ>
  <ಮಾರ್ಗ>
    <ನಿಲ್ದಾಣ>ಸಂಪಿಗೆ ರಸ್ತೆ</ನಿಲ್ದಾಣ>
    …
  </ಮಾರ್ಗ>
</ಮೆಟ್ರೊ>

ಟ್ಯಾಗ್‌ಗಳ ಹೆಸರು ಕನ್ನಡದಲ್ಲಿರುವುದಕ್ಕೆ ಎಕ್ಸ್‌ಎಂಎಲ್‌ನ ಅಭ್ಯಂತರವಿಲ್ಲ. ಆದರೆ ತಂತಿ ಎಳೆದು ಚಿತ್ರದ ರೂಪದಲ್ಲಿ ಪ್ರೋಗ್ರಾಂ ಬರೆಯುವ ಲ್ಯಾಬ್‌ವ್ಯೂ ನಮ್ಮ ಲಿಪಿಯನ್ನು ಸಲೀಸಾಗಿ ನಿಭಾಯಿಸುವುದಿಲ್ಲ. ಅಲ್ಲಿ ಪ್ರಯೋಗಿಸುವಾಗ ಟ್ಯಾಗ್‌ಗಳನ್ನೂ ನಿಲ್ದಾಣದ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಿ.

ಲ್ಯಾಬ್‌ವ್ಯೂನ ಎಕ್ಸ್‌ಎಂಎಲ್ ಪಾರ್ಸರ್‌ನಲ್ಲಿ ಎಕ್ಸ್‌ಪಾತ್ ಕೊಟ್ಟು ಹುಡುಕಲು ಎರಡು ವಿಐಗಳಿವೆ (ವಿಐ ಎಂದರೆ ಲ್ಯಾಬ್‌ವ್ಯೂನ ಪ್ರೋಗ್ರಾಂ ತುಣುಕು). ಒಂದು, ಹೊಂದಿಕೆಯಾದ ಮೊದಲ ನೋಡ್ ಕೊಡುತ್ತದೆ. ಇನ್ನೊಂದು, ಹೊಂದಿಕೆಯಾದ ಎಲ್ಲ ನೋಡ್‌ಗಳ ಅರೇ (ಪಟ್ಟಿ) ಕೊಡುತ್ತದೆ. ನಾನು ಮೊದಲನೆಯದಕ್ಕೆ //ನಿಲ್ದಾಣ[1] ಎಂದು ಬರೆದೆ (// ಎಂದರೆ ಕಡತದಲ್ಲಿ ಎಲ್ಲಿದ್ದರೂ ಹುಡುಕು). ಬೈಯಪ್ಪನಹಳ್ಳಿ ಬಂತು. ಸರಿಯಾಗಿದೆ ಎಂದುಕೊಂಡೆ. ಮರುದಿನ ಅದೇ ಸಾಲನ್ನು ಎರಡನೆಯ ವಿಐಗೆ ಕೊಟ್ಟು, ಅರೇಯ ಅಳತೆ ತೋರಿಸುವ ನೀಲಿ ತಂತಿಯ ಮೇಲೆ ಪ್ರೋಬ್ (ತಂತಿಯಲ್ಲಿ ಹರಿಯುವ ಬೆಲೆ ತೋರಿಸುವ ಕಿಂಡಿ) ಇಟ್ಟು ನೋಡಿದರೆ ಅಲ್ಲಿ 2 ಎಂದಿತ್ತು! ಬೈಯಪ್ಪನಹಳ್ಳಿಯ ಜೊತೆಗೆ ಸಂಪಿಗೆ ರಸ್ತೆಯೂ ಬಂದಿತ್ತು. [1] ಎಂಬ ಷರತ್ತು ಪ್ರತಿ ತಾಯಿ ನೋಡ್‌ಗೂ ಬೇರೆ ಬೇರೆಯಾಗಿ ಅನ್ವಯಿಸುತ್ತದೆ. ಹಾಗಾಗಿ //ನಿಲ್ದಾಣ[1] ಎಂದರೆ ‘ಪ್ರತಿ ಮಾರ್ಗದ ಮೊದಲ ನಿಲ್ದಾಣ’. ಇಡೀ ಕಡತದ ಮೊದಲ ನಿಲ್ದಾಣ ಬೇಕಿದ್ದರೆ (//ನಿಲ್ದಾಣ)[1] ಎಂದು ಆವರಣ ಹಾಕಬೇಕು.

ಏಳನೆಯದನ್ನು ಕೇಳಿದರೆ ವ್ಯತ್ಯಾಸ ಇನ್ನೂ ನಿಚ್ಚಳ. (//ನಿಲ್ದಾಣ)[7] ಎಂದರೆ ನೇರಳೆಯ ಆರು ಮುಗಿದ ಮೇಲಿನದು, ಸಂಪಿಗೆ ರಸ್ತೆ. //ನಿಲ್ದಾಣ[7] ಎಂದರೆ ಯಶವಂತಪುರ, ಏಕೆಂದರೆ ಏಳನೆಯ ನಿಲ್ದಾಣ ಇರುವುದು ಹಸಿರು ಮಾರ್ಗಕ್ಕೆ ಮಾತ್ರ. ಕಲಿಯುವಾಗ ಎಲ್ಲ ನೋಡ್‌ಗಳನ್ನು ಕೊಡುವ ವಿಐಯನ್ನೇ ಬಳಸಿ ಎಂಬುದು ನನ್ನ ಬಲವಾದ ಸಲಹೆ. ಒಂದನ್ನೇ ಕೊಡುವ ವಿಐ ತಪ್ಪನ್ನು ಮುಚ್ಚಿಡುತ್ತದೆ.

ಇನ್ನೊಂದು ಎಡವುವ ಜಾಗ ಸೊನ್ನೆ. ಎಕ್ಸ್‌ಪಾತ್ ಎಣಿಸುವುದು 1ರಿಂದ. ಲ್ಯಾಬ್‌ವ್ಯೂನ ಅರೇ ಮತ್ತು ಫಾರ್ ಲೂಪ್‌ನ ಸುತ್ತುಗಳನ್ನು ಎಣಿಸುವ ಐ ಟರ್ಮಿನಲ್ 0ಯಿಂದ. ಐ ಬೆಲೆಯನ್ನು ನೇರವಾಗಿ ಸ್ಟ್ರಿಂಗ್‌ಗೆ ಸೇರಿಸಿದರೆ ಮೊದಲ ಸುತ್ತಿನಲ್ಲಿ ನಿಲ್ದಾಣ[0] ತಯಾರಾಗುತ್ತದೆ. ಎಕ್ಸ್‌ಪಾತ್‌ಗೆ ಇದು ದೋಷವಲ್ಲ, ಯಾವುದಕ್ಕೂ ಹೊಂದದ ಷರತ್ತು ಅಷ್ಟೇ. ಒಂದು ಹೆಚ್ಚಿಸಿಯೇ ಸೇರಿಸಿ. ಅಂಕಿಯನ್ನು ಉದ್ಧರಣ ಚಿಹ್ನೆಯೊಳಗೂ ಇಡಬೇಡಿ: ನಿಲ್ದಾಣ["3"] ಎಂದರೆ ಖಾಲಿಯಲ್ಲದ ಸ್ಟ್ರಿಂಗ್ ‘ನಿಜ’ ಎಂದು ಪರಿಗಣಿತವಾಗಿ ಎಲ್ಲ ನಿಲ್ದಾಣಗಳೂ ಬರುತ್ತವೆ.

ಈಗ ತಿರುಗುಮುರುಗು ಪ್ರಶ್ನೆ. ಹೆಸರು ಗೊತ್ತಿದೆ, ಸ್ಥಾನ ಬೇಕು. ಹಲಸೂರು ಎಷ್ಟನೆಯದು? ಎಕ್ಸ್‌ಪಾತ್‌ನ ಕೌಂಟ್ ಫಂಕ್ಷನ್ ಕೊಡುವುದು ಸಂಖ್ಯೆ; ಈ ವಿಐಗಳು ಕೊಡುವುದು ನೋಡ್. ಆದ್ದರಿಂದ ಎಣಿಕೆಯನ್ನು ಲ್ಯಾಬ್‌ವ್ಯೂಗೆ ಬಿಡೋಣ. ಮೊದಲು //ನಿಲ್ದಾಣ[.="ಹಲಸೂರು"] ಎಂದು ನೋಡ್ ಹಿಡಿದು, ಅದರ ಮುಂದೆ ಒಂದು ಓರೆಗೆರೆ ಹಾಕಿ, ‘ಪ್ರಿಸೀಡಿಂಗ್-ಸಿಬ್ಲಿಂಗ್’ (preceding-sibling::) ಅಕ್ಷದ, ಅಂದರೆ ಹುಡುಕುವ ದಿಕ್ಕಿನ, ಮೂಲಕ ಅದಕ್ಕಿಂತ ಮೊದಲು ಬಂದ ಒಡಹುಟ್ಟಿದ ನಿಲ್ದಾಣಗಳನ್ನೆಲ್ಲ ಕೇಳಿ. ಮೂರು ನೋಡ್‌ಗಳ ಅರೇ ಬರುತ್ತದೆ. ಅರೇಯ ಅಳತೆಗೆ ಒಂದು ಕೂಡಿಸಿದರೆ 4. ಲೂಪ್ ಬೇಡ, ಹೋಲಿಕೆ ಬೇಡ. ಈ ಉಪಾಯ ಹೊಳೆದ ದಿನ ನನಗಾದ ಸಂತೋಷ ಇನ್ನೂ ಮಾಸಿಲ್ಲ.

ಅದೇ ಅಕ್ಷಕ್ಕೆ [1] ಸೇರಿಸಿದರೆ ಬೈಯಪ್ಪನಹಳ್ಳಿ ಬರುವುದಿಲ್ಲ, ಇಂದಿರಾನಗರ ಬರುತ್ತದೆ. ಈ ಅಕ್ಷ ಹಿಮ್ಮುಖವಾಗಿ ಸಾಗುತ್ತದೆ, ಹತ್ತಿರದವರೇ ಮೊದಲಿಗರು. ಇಡೀ ಸಾಲನ್ನು ಆವರಣದಲ್ಲಿಟ್ಟು [1] ಎಂದರೆ ಕಡತದ ಕ್ರಮ ಮರಳಿ ಬಂದು ಬೈಯಪ್ಪನಹಳ್ಳಿ ಸಿಗುತ್ತದೆ.

ಎಕ್ಸ್‌ಪಾತ್ ಬಿಟ್ಟು ಮಕ್ಕಳ ಪಟ್ಟಿಯನ್ನೇ ತೆಗೆದು ಎಣಿಸುವವರು ಎಚ್ಚರ ವಹಿಸಬೇಕು. ಟ್ಯಾಗ್‌ಗಳ ನಡುವಿನ ಸಾಲುಮುರಿತ, ಖಾಲಿ ಜಾಗಗಳೂ ಪಠ್ಯ ನೋಡ್‌ಗಳಾಗಿ ಆ ಪಟ್ಟಿಯಲ್ಲಿ ಕೂರುತ್ತವೆ. ಮೇಲಿನ ಕಡತದಲ್ಲಿ ಹಲಸೂರು ಆಗ ಸೊನ್ನೆಯಿಂದ ಎಣಿಸಿದರೆ 7ನೇ ಸೂಚ್ಯಂಕದಲ್ಲಿರುತ್ತದೆ. ಹೆಸರು ಹಿಡಿದು ಕೇಳುವ ಎಕ್ಸ್‌ಪಾತ್‌ಗೆ ಈ ತೊಡಕಿಲ್ಲ.

ಬಂದ ಪ್ರತಿ ನೋಡ್ ಒಂದು ರೆಫರೆನ್ಸ್ (ನೋಡ್‌ನತ್ತ ಬೊಟ್ಟು ಮಾಡುವ ಕೊಂಡಿ). ಕೆಲಸ ಮುಗಿದ ಮೇಲೆ ಅವನ್ನು ಮುಚ್ಚಿ, ಕೊನೆಯಲ್ಲಿ ಕಡತದ ರೆಫರೆನ್ಸನ್ನೂ ಮುಚ್ಚಿ.