ಉರಿ ಅಂದ್ರೆ ಒಂದು ಮದ್ದು, ಸೆಳೆತ ಅಂದ್ರೆ ಬೇರೆ

ಅಮ್ಮನಿಗೆ ಬಲಬದಿ ಪಕ್ಕೆಲುಬಿನ ಕೆಳಗೆ ಸರ್ಪಸುತ್ತು ಆಗಿತ್ತು, ಗುಳ್ಳೆ ಎಲ್ಲ ಮೂರ್ನಾಲ್ಕು ವಾರದಲ್ಲಿ ಒಣಗಿ ಹೋಯ್ತು, ನೋವು ಮಾತ್ರ ಹೋಗ್ಲೇ ಇಲ್ಲ. ರವಿಕೆ ತಾಗಿದ್ರೂ ತಡೀಲಿಕ್ಕೆ ಆಗ್ತಿರಲಿಲ್ಲ, ಹಳೇ ಬೈರಾಸು ಸಡಿಲ ಸುತ್ತಿಕೊಂಡು ಬಲಗೈ ಎತ್ತಿ ಹಿಡ್ಕೊಂಡೇ ಕೂತಿರ್ತಿದ್ರು, ಫ್ಯಾನಿನ ಗಾಳಿ ಕೂಡ ಬೇಡ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದ ಹತ್ತಿರ. ಆಸ್ಪತ್ರೆಯಲ್ಲಿ ಮಾತೆಲ್ಲ ಮಲಯಾಳ, ಅಮ್ಮನಿಗೆ ಗೊತ್ತಿದ್ದದ್ದು 'ವೇದನ' ಅನ್ನೋ ಒಂದೇ ಶಬ್ದ. ಅಷ್ಟೇ ಹೇಳಿದ್ರು, ರಶ್ಶಿನಲ್ಲಿ ಡಾಕ್ಟ್ರಿಗೂ ಅಷ್ಟೇ ಕೇಳಿಸ್ತು, ಮಾಮೂಲಿ ನೋವಿನ ಗುಳಿಗೆ ಡೈಕ್ಲೋಫೆನಾಕ್ ಬರೆದುಕೊಟ್ರು. ಎರಡು ತಿಂಗಳು ನುಂಗಿದ್ದಕ್ಕೆ ಸಿಕ್ಕಿದ್ದು ಎದೆ ಉರಿ, ಪಕ್ಕೆ ನೋವು ಇದ್ದಲ್ಲೇ ಇತ್ತು.

ದಾರಿ ತೋರಿಸಿದ್ದು ಪಂಚಾಯತಿನ ಪಾಲಿಯೇಟಿವ್ ನರ್ಸ್, ಅಂದ್ರೆ ದೀರ್ಘ ಕಾಯಿಲೆಯವರ ನೋವು, ಸಂಕಟ ತಗ್ಗಿಸಲಿಕ್ಕೆ ಮನೆಗೇ ಬರುವ ನರ್ಸ್. ಪಕ್ಕದ ಮನೆಯ ಹಾಸಿಗೆ ಹಿಡಿದ ಅಜ್ಜನನ್ನು ನೋಡ್ಲಿಕ್ಕೆ ಬಂದವರನ್ನು ನಾವೇ ಕರೆದದ್ದು. ಜಗಲಿಯಲ್ಲಿ ಅಮ್ಮನ ಪಕ್ಕ ಕೂತು ಅವರು ಕೇಳಿದ್ರು, ತರಿಪ್ಪ್ ಉಂಟಾ, ನೀಟ್ಟಲ್ ಉಂಟಾ, ಅಂದ್ರೆ ಜುಮುಜುಮು ಅಂತದಾ, ಉರೀತದಾ. ಅಮ್ಮ ಕೂಡಲೇ ಅಂದ್ರು, "ಮೆಣಸು ಅರೆದು ಹಚ್ಚಿದ ಹಾಗೆ ಉರೀತದೆ, ಮಧ್ಯೆ ಮಧ್ಯೆ ಕರೆಂಟು ಹೊಡೆದ ಹಾಗೆ." ನರ್ಸ್ ಅದನ್ನು ಹಾಗೇ ಚೀಟಿಯಲ್ಲಿ ಬರೆದುಕೊಟ್ರು, ಮುಂದಿನ ಸಲ ಡಾಕ್ಟ್ರು ಅದನ್ನು ಓದಿದ್ದೇ ಮದ್ದು ಬದಲಾಯಿಸಿದ್ರು.

ಯಾಕೆ ಅಂದ್ರೆ ಉರಿ, ಕರೆಂಟು, ಜುಮು, ಬಟ್ಟೆ ತಾಗಿದ್ರೆ ನೋವು, ಇವೆಲ್ಲ ನರದ ನೋವಿನ ಗುರುತು. ಸರ್ಪಸುತ್ತು ತರೋದು ಚಿಕನ್‌ಪಾಕ್ಸಿನ ವೈರಸ್ಸೇ. ಚಿಕನ್‌ಪಾಕ್ಸ್ ವಾಸಿಯಾದ ಮೇಲೂ ಅದರ ವೈರಸ್ ಬೆನ್ನುಹುರಿ ಪಕ್ಕದ ನರದ ಗಂಟಿನಲ್ಲಿ ಸುಮ್ಮನೆ ಕೂತಿರ್ತದೆ, ವಯಸ್ಸಾಗಿ ರೋಗನಿರೋಧಕ ಶಕ್ತಿ ತಗ್ಗಿದಾಗ ಒಂದೇ ನರ ಹಿಡಿದು ಹೊರಗೆ ಬರ್ತದೆ, ಅದಕ್ಕೇ ಗುಳ್ಳೆ ಮೈಯ ಒಂದೇ ಬದಿಯಲ್ಲಿ ಪಟ್ಟಿ ಹಾಗೆ ಏಳೋದು. ಬರುವಾಗ ಆ ನರವನ್ನೂ ಹಾಳು ಮಾಡ್ತದೆ. ಯಕ್ಷಗಾನದ ರಂಗಸ್ಥಳದಲ್ಲಿ ಭಾಗವತರು ಬಾಯಿ ತೆರೆಯುವ ಮೊದಲೇ ಮೈಕ್ ತನ್ನಷ್ಟಕ್ಕೆ ಕುಂಯ್ ಅಂತ ಕೂಗ್ತದಲ್ಲ, ಹಾಳಾದ ನರವೂ ಹಾಗೇ, ಯಾರೂ ಮುಟ್ಟದಿದ್ರೂ ಸಿಗ್ನಲ್ ಕಳಿಸ್ತಾ ಇರ್ತದೆ. ಅದನ್ನೇ ಕೇಳಿ ಕೇಳಿ ಬೆನ್ನುಹುರಿಯೂ ಸೂಕ್ಷ್ಮ ಆಗಿ ಬಟ್ಟೆಯ ಸ್ಪರ್ಶವನ್ನೂ ನೋವು ಅಂತಲೇ ಮಿದುಳಿಗೆ ಮುಟ್ಟಿಸ್ತದೆ. ಡೈಕ್ಲೋಫೆನಾಕ್ ಕೆಲಸ ಮಾಡೋದು ಊತ, ಉರಿಯೂತದ ಮೇಲೆ. ಇಲ್ಲಿ ಊತವೇ ಇಲ್ಲ.

ಅಮ್ಮನ ಮೆಣಸಿನ ಮಾತೂ ಬರೀ ಹೋಲಿಕೆ ಅಲ್ಲ. ಮೆಣಸಿನ ಖಾರದ ಕ್ಯಾಪ್ಸೈಸಿನ್ ಮತ್ತು ಸುಡುವ ಬಿಸಿ ಎರಡೂ ನರದ ತುದಿಯಲ್ಲಿ ಒಂದೇ ಬಾಗಿಲು ತೆರೆಯೋದು, ಅದನ್ನು 1997ರಲ್ಲಿ ಕಂಡುಹಿಡಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ನೋವಿನ ಶಬ್ದಗಳಿಗೆ ಬೆಲೆ ಉಂಟು ಅಂತ ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ 1975ರಲ್ಲೇ ತೋರಿಸಿದ್ರು, ಅವರ ಪ್ರಶ್ನಾವಳಿಯಲ್ಲಿ ನೋವಿಗೆ 78 ಶಬ್ದ! ನಮ್ಮಲ್ಲೇನು ಕಡಿಮೆಯಾ, ಸೆಳೆತ, ಸಿಡಿತ, ಕಡಿತ, ಚುಚ್ಚು, ಹಿಂಡು, ಉರಿ, ಜೋಮು.

ಹೊಸ ಮದ್ದು ಅಮಿಟ್ರಿಪ್ಟಿಲಿನ್, ರಾತ್ರಿಗೆ 10 ಮಿಲಿಗ್ರಾಂ. ಡಿಪ್ರೆಶನ್ನಿನ ಗುಳಿಗೆ ಅಂತ ಮೆಡಿಕಲ್ಲಿನವರು ಅಂದದ್ದೇ ತಡ, ಅಮ್ಮನಿಗೆ ಬೇಜಾರು, "ನನ್ನ ಮಂಡೆ ಸಮ ಇಲ್ಲ ಅಂತಲಾ?" ಹಾಗಲ್ಲ. ನೋವನ್ನು ತಗ್ಗಿಸಲಿಕ್ಕೆ ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ದಾರಿಯೊಂದುಂಟು, ಈ ಗುಳಿಗೆ ಅದನ್ನು ಗಟ್ಟಿ ಮಾಡ್ತದೆ. ಫಿಟ್ಸಿನ ಮದ್ದಾದ ಗಾಬಾಪೆಂಟಿನ್ನೂ ನರದ ನೋವಿಗೆ ಕೊಡೋದು ಉಂಟು. ಯಾವುದೂ ಎರಡೇ ದಿನದಲ್ಲಿ ಹಿಡಿಯೋದಿಲ್ಲ, ಸ್ವಲ್ಪದಿಂದ ಶುರು ಮಾಡಿ ವಾರಗಟ್ಟಲೆ ಕಾಯ್ಬೇಕು, ಬಾಯಿ ಒಣಗ್ತದೆ, ತೂಕಡಿಕೆ ಬರ್ತದೆ, ವಯಸ್ಸಾದವರು ರಾತ್ರಿ ಎದ್ದಾಗ ಬೀಳದ ಹಾಗೆ ನೋಡ್ಕೊಳ್ಬೇಕು, ಡಾಕ್ಟ್ರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರ್ದು. ಎಲ್ಲರಿಗೂ ಹಿಡಿಯೋದೂ ಇಲ್ಲ. ಇನ್ನೊಂದು, ಸರ್ಪಸುತ್ತಿನ ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ಸಿನ ಮದ್ದು ಶುರು ಮಾಡೋದು ಒಳ್ಳೇದು, ನಾವು ಎಂಟು ದಿನ ಮನೆಮದ್ದಲ್ಲೇ ಕಳೆದದ್ದು ಈಗಲೂ ನನಗೆ ಸಂಕಟ.

ಪಾಲಿಯೇಟಿವ್ ಅಂದ್ರೆ ಸಾಯುವವರಿಗೆ ಅಂತ ನಾನೂ ನಂಬಿದ್ದೆ. ಹಾಗಲ್ಲ. ಕೇರಳದಲ್ಲಿ ಈ ಕೆಲಸ ಊರೂರಿಗೆ ಹಬ್ಬಿದ್ದು ಕೋಝಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಸಂಸ್ಥೆಯಿಂದ, 2008ರಲ್ಲಿ ಕೇರಳ ಸರ್ಕಾರ ಪಾಲಿಸಿಯನ್ನೇ ತಂತು, ಅದಕ್ಕೇ ನಮ್ಮ ಪಂಚಾಯತಿನಲ್ಲೂ ನರ್ಸ್ ಇರೋದು.

ಆರನೇ ವಾರ ಅಮ್ಮ ರವಿಕೆ ತೊಟ್ಟು ದೇವಸ್ಥಾನಕ್ಕೆ ಹೋಗಿ ಬಂದ್ರು. ಸಂಜೆ ಹೊತ್ತು ಈಗಲೂ ಸಣ್ಣಕೆ ಉರೀತದೆ. ಮದ್ದಿನ ಚೀಟಿಯ ಹಿಂದೆ ನಾನು ಕನ್ನಡ, ತುಳು, ಮಲಯಾಳ ಅಂತ ಮೂರು ಸಾಲು ಗೀಟು ಹಾಕಿ ಕೊಟ್ಟಿದ್ದೇನೆ, ನರ್ಸ್ ಬಂದಾಗೆಲ್ಲ ಇಬ್ಬರೂ ಕೂತು ಅದಕ್ಕೆ ಒಂದೊಂದು ಶಬ್ದ ಸೇರಿಸ್ತಾರೆ.