ಮೊದಲು ಹೊಲಿದು ನೋಡಿ, ಆಮೇಲೆ ಸಮಸ್ಯೆ ಬರೆಯಿರಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯಕ್ಕೆ ಸೇರಿದ ಮೇಲೆ ಬಳ್ಳಾರಿ, ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಬಾಯಲ್ಲೂ ‘ಡಿಸೈನ್ ಥಿಂಕಿಂಗ್’ ಓಡಾಡುತ್ತಿದೆ. ವಿನ್ಯಾಸಕರಂತೆ ಯೋಚಿಸಿ ಸಮಸ್ಯೆ ಬಿಡಿಸುವ ವಿಧಾನ ಅದು. ಪರಾನುಭೂತಿ (ಬಳಸುವವರ ಕಷ್ಟ ಅರಿಯುವುದು), ಸಮಸ್ಯೆಯ ವ್ಯಾಖ್ಯಾನ, ಐಡಿಯಾ, ಮಾದರಿ, ಪರೀಕ್ಷೆ ಎಂದು ಮಗ್ಗಿಯಂತೆ ಒಪ್ಪಿಸುತ್ತಾರೆ. ಈ ಪಟ್ಟಿಗೆ ಹೆಸರು ತಂದದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ, ನಿಜ. ವಿಚಾರ ಮಾತ್ರ ಅದಕ್ಕಿಂತ ಹಳೆಯದು. ಮೆಟ್ಟಿಲಿನಂತೆ ಒಂದಾದ ಮೇಲೊಂದು ಹತ್ತುವಂಥದ್ದೂ ಅಲ್ಲ.

1970ರ ದಶಕದಲ್ಲಿ ಬ್ರಿಟನ್ನಿನ ವಿನ್ಯಾಸ ಸಂಶೋಧಕ ಬ್ರಯಾನ್ ಲಾಸನ್ ವಿಜ್ಞಾನ ಮತ್ತು ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ಬಣ್ಣದ ತುಂಡುಗಳನ್ನು ಜೋಡಿಸಲು ಕೊಟ್ಟರು. ಹೇಳಿದ ಬಣ್ಣ ಹೊರಮೈಯಲ್ಲಿ ಆದಷ್ಟು ಹೆಚ್ಚು ಕಾಣಬೇಕು. ಜೊತೆಗೊಂದು ಗುಟ್ಟಿನ ನಿಯಮ. ವಿಜ್ಞಾನದವರು ಮೊದಲು ನಿಯಮ ಹುಡುಕಿದರು. ವಾಸ್ತುಶಿಲ್ಪದವರು ಚೆಂದ ಕಂಡದ್ದನ್ನು ಜೋಡಿಸಿಟ್ಟು, ತಪ್ಪೆಂದರೆ ಇನ್ನೊಂದನ್ನು ಜೋಡಿಸಿದರು. ಉತ್ತರ ಮುಂದಿಟ್ಟು ಪ್ರಶ್ನೆ ತಿಳಿಯುವ ದಾರಿ ಅದು.

ಬಳ್ಳಾರಿಯ ಜೀನ್ಸ್ ಹೊಲಿಗೆಯನ್ನೇ ನೋಡಿ. ಸೊಂಟ 80 ಸೆಂ.ಮೀ. ಬೇಕು, ಬಟ್ಟೆ ಹೊಕ್ಕಿನ (ಅಡ್ಡ ಎಳೆಯ) ಕಡೆ ಶೇ 10 ಕುಗ್ಗುತ್ತದೆ. ಶೇ 10 ಕೂಡಿಸಿ 88ಕ್ಕೆ ಕತ್ತರಿಸಿದರೆ ಒಗೆದ ಮೇಲೆ ಉಳಿಯುವುದು 79.2. ಕೂಡಿಸುವುದಲ್ಲ, 80ನ್ನು 0.9ರಿಂದ ಭಾಗಿಸಬೇಕು: 88.9. ಹಾಸಿನ (ಉದ್ದ ಎಳೆಯ) ಕಡೆಯ ಕುಗ್ಗುವಿಕೆಯೇ ಬೇರೆ, ಅದಕ್ಕೆ ಬೇರೆ ಲೆಕ್ಕ. ಇಷ್ಟೂ ಕಾಗದದ ಮೇಲೆ ಮುಗಿಯುತ್ತದೆ. ಆದರೆ ಒಂದು ಸ್ಯಾಂಪಲ್ ಹೊಲಿದು, ಒಗೆದು, ಒಣಗಿಸಿ ಹಾಸಿ ನೋಡಿ: ಕಾಲಿನ ಪಕ್ಕದ ಹೊಲಿಗೆ ಮುಂದಕ್ಕೆ ತಿರುಚಿಕೊಂಡಿರಬಹುದು. ಡೆನಿಮ್‌ನ ಓರೆ ನೇಯ್ಗೆ ನೀರು ಕುಡಿದು ಸಡಿಲಾಗುವಾಗ ಒಂದೇ ಕಡೆ ಎಳೆಯುತ್ತದೆ. ಅಳತೆಯದೆಂದುಕೊಂಡಿದ್ದ ಸಮಸ್ಯೆ ನೇಯ್ಗೆಯದಾಯಿತು. ಸ್ಯಾಂಪಲ್ ಇಲ್ಲದೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಅಡುಗೆಯ ಉಪ್ಪೂ ಹಾಗೇ, ಕೂರಿಗೆಯ ಆಳವೂ ಹಾಗೇ. ನಾಲ್ಕು ಸಾಲು ಬಿತ್ತಿ, ಮಣ್ಣು ಕೆದಕಿ ನೋಡಿದಾಗಲೇ ತಿಳಿಯುವುದು.

ಎಲ್ಲದಕ್ಕೂ ಸ್ಯಾಂಪಲ್ ಸಿಗುವುದಿಲ್ಲ. 1973ರಲ್ಲಿ ವಿನ್ಯಾಸ ಚಿಂತಕ ಹೋರ್ಸ್ಟ್ ರಿಟ್ಟೆಲ್, ನಗರ ಯೋಜನೆಯ ಮೆಲ್ವಿನ್ ವೆಬ್ಬರ್ ‘ವಿಕೆಡ್’ (ಹಿಡಿತಕ್ಕೆ ಸಿಗದ) ಎಂದು ಕರೆದ ಸಮಸ್ಯೆಗಳು ಇಂಥವು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ತಲುಪದಿರುವುದು ಹೂಳಿನ ಸಮಸ್ಯೆಯೋ, ಮೇಲಿನವರ ಭತ್ತದ್ದೋ, ಗೇಟಿನದೋ? ಹೇಗೆ ಬರೆದುಕೊಳ್ಳುತ್ತೀರೋ ಪರಿಹಾರವೂ ಹಾಗೇ ಬದಲಾಗುತ್ತದೆ. ಒಮ್ಮೆ ಕೈಹಾಕಿದರೆ ಹಿಂದಿನ ಸ್ಥಿತಿಗೆ ಮರಳಲಾಗದು.

ಈ ವಿಚಾರ ಹಳೆಯದೆನ್ನಲು ನಮಗೆ ಹತ್ತಿರದ ಉದಾಹರಣೆ 1958ರದು. ಭಾರತ ಸರ್ಕಾರಕ್ಕೆ ವರದಿ ಬರೆದ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಹೆಚ್ಚು ಮೆಚ್ಚಿದ್ದು ಲೋಟಾವನ್ನು, ಅಂದರೆ ನಮ್ಮ ಚರಿಗಿಯನ್ನು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯಿತು. ಚರಿಗಿ ಮಾಡಬೇಕೆಂದರೆ ಏನೇನು ಕೇಳಿಕೊಳ್ಳಬೇಕೆಂದು ಈಮ್ಸ್ ದಂಪತಿ ಪಟ್ಟಿ ಮಾಡಿದ್ದರು: ಹೊರುವುದು ತಲೆಯ ಮೇಲೋ ಸೊಂಟದ ಮೇಲೋ? ತುಂಬಿದಾಗ ಭಾರ ಎಲ್ಲಿ ನಿಲ್ಲುತ್ತದೆ, ಬಗ್ಗಿಸಿದಾಗ ಎಲ್ಲಿಗೆ ಸರಿಯುತ್ತದೆ? ಬಿಸಿ ನೀರಿದ್ದರೆ ಹಿಡಿಯಬಹುದೇ? ಇನ್ನೊಂದು ಪಾತ್ರೆಗೆ ತಾಗಿದಾಗ ಸದ್ದು ಹೇಗಿರುತ್ತದೆ?