ಈ ಮಾತು ಯಾರ ಮುಖ ನೋಡಿ ಆಡಿದ್ದು?

ಗೀತರಚನೆ ಕಲಿಯಲೆಂದು ಬರುವವರ ಸಾಲುಗಳನ್ನು ಓದುವಾಗ ನಾನು ಮೊದಲು ಕೇಳುವ ಪ್ರಶ್ನೆ ಪ್ರಾಸದ ಬಗ್ಗೆಯೂ ಅಲ್ಲ, ಛಂದಸ್ಸಿನ ಬಗ್ಗೆಯೂ ಅಲ್ಲ. ಈ ಮಾತನ್ನು ಯಾರು, ಯಾರ ಮುಖ ನೋಡಿ ಆಡುತ್ತಿದ್ದಾರೆ ಎಂಬುದು. ಬಹುಪಾಲು ಮಂದಿಗೆ ಉತ್ತರ ಹೊಳೆಯುವುದಿಲ್ಲ. ಆಗ ಅವರಿಗೆ ಅಮೆರಿಕದ ಹಳ್ಳಿಗಾಡಿನಲ್ಲಿ ಬೆಳೆದ 'ಕಂಟ್ರಿ' ಸಂಗೀತದ ಗಾಯಕಿ ಲೊರೆಟ್ಟಾ ಲಿನ್ ಅವರ ಎರಡು ಮೂರು ಹಾಡುಗಳನ್ನು ಕೇಳಿಸುತ್ತೇನೆ, ಏಕೆಂದರೆ ಎದುರಿಗೆ ನಿಂತವರಿಗೆ ಆಡಿದ ಮಾತೇ ಹಾಡಾಗುವ ಬಗೆ ಅವರಲ್ಲಿ ಕಾಣಿಸುವಷ್ಟು ನಿಚ್ಚಳವಾಗಿ ಬೇರೆ ಕಡೆ ಕಾಣುವುದು ಅಪರೂಪ.

ಲೊರೆಟ್ಟಾ ಹುಟ್ಟಿದ್ದು 1932ರ ಏಪ್ರಿಲ್ 14ರಂದು, ಕೆಂಟಕಿಯ ಬುಚರ್ ಹಾಲೋ ಎಂಬ ಬೆಟ್ಟದ ಸಂದಿನಲ್ಲಿ, ಕಲ್ಲಿದ್ದಲು ಗಣಿ ಕಾರ್ಮಿಕನ ಎಂಟು ಮಕ್ಕಳಲ್ಲಿ ಎರಡನೆಯವರಾಗಿ. 1948ರಲ್ಲಿ, ಹದಿನೈದು ತುಂಬಿದ ಹುಡುಗಿಗೆ ಮದುವೆಯಾಯಿತು. (ಹದಿಮೂರಕ್ಕೇ ಮದುವೆಯಾಗಿತ್ತೆಂಬ ಕಥೆ ದಶಕಗಳ ಕಾಲ ಓಡಾಡಿತು, 2012ರಲ್ಲಿ ದಾಖಲೆಗಳು ಬೆಳಕಿಗೆ ಬಂದ ಮೇಲೆ ಅದು ತಪ್ಪೆಂದು ತಿಳಿಯಿತು.) ಗಂಡ ಅವರನ್ನು ದೇಶದ ಇನ್ನೊಂದು ತುದಿಯ ವಾಷಿಂಗ್ಟನ್ ರಾಜ್ಯಕ್ಕೆ ಕರೆದೊಯ್ದ; ಹದಿನೇಳು ಡಾಲರಿನ ಗಿಟಾರನ್ನು ತಂದುಕೊಟ್ಟವನೂ ಅವನೇ. 1960ರಲ್ಲಿ ಮೊದಲ ಧ್ವನಿಮುದ್ರಿಕೆ ಬಂದಾಗ ಗಂಡ ಹೆಂಡತಿ ಕಾರಿನಲ್ಲಿ ಒಂದೊಂದೇ ರೇಡಿಯೊ ಕೇಂದ್ರಕ್ಕೆ ಹೋಗಿ ಅದನ್ನು ಕೈಯಾರೆ ಕೊಟ್ಟು ಬಂದರು, ಹಾಡು ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ 14ನೇ ಸ್ಥಾನಕ್ಕೇರಿತು.

ಅವರಿಗಿಂತ ಮೊದಲು ಕಂಟ್ರಿ ಸಂಗೀತದಲ್ಲಿ ಹೆಣ್ಣಿನ ದನಿ ಇರಲಿಲ್ಲವೆಂದಲ್ಲ. 1952ರಲ್ಲಿ ಕಿಟ್ಟಿ ವೆಲ್ಸ್ ಹಾಡಿದ ಪ್ರಸಿದ್ಧ ಹಾಡು, ಕೆಟ್ಟ ಹೆಣ್ಣನ್ನು ಹಳಿಯುತ್ತಿದ್ದ ಒಂದು ಗಂಡಸಿನ ಹಾಡಿಗೆ ಕೊಟ್ಟ ನೇರ ಜವಾಬೇ ಆಗಿತ್ತು. ಆದರೆ ಆ ಜವಾಬನ್ನು ಬರೆದವನೂ ಗಂಡಸೇ. ಲೊರೆಟ್ಟಾ ತಮ್ಮ ಜವಾಬನ್ನು ತಾವೇ ಬರೆದರು. ವೇದಿಕೆಯ ಹಿಂದೆ ಒಬ್ಬ ಹೆಂಗಸು ಬಂದು, ತನ್ನ ಗಂಡ ಇನ್ನೊಬ್ಬಳನ್ನು ಜೊತೆಗೆ ಕೂರಿಸಿಕೊಂಡಿದ್ದಾನೆಂದು ತೋರಿಸಿದಾಗ, ಲೊರೆಟ್ಟಾ ಆ ಇನ್ನೊಬ್ಬಳನ್ನೊಮ್ಮೆ ನೋಡಿ, ನಿನ್ನ ಗಂಡನನ್ನು ಕಸಿದುಕೊಳ್ಳುವಷ್ಟು ಹೆಣ್ಣಲ್ಲ ಅವಳು ಎಂದರಂತೆ. ಆ ಮಾತೇ 1966ರ 'ಯೂ ಏಂಟ್ ವುಮನ್ ಇನಫ್' ಆಯಿತು. ಕಸುಬುದಾರರು ಗಮನಿಸಬೇಕಾದದ್ದು, ಬಾಯಿಂದ ಬಂದ 'ಅವಳು' ಹಾಡಿನಲ್ಲಿ 'ನೀನು' ಆದದ್ದನ್ನು. ಸಮಾಧಾನದ ಮಾತು ಸವತಿಯ ಮುಖಕ್ಕೇ ಹಾಕಿದ ಸವಾಲಾಯಿತು. ಅವರ ಮೊದಲ ಅಗ್ರಸ್ಥಾನದ ಹಾಡು, ತಂಗಿ ಪೆಗ್ಗಿ ಸ್ಯೂ ಜೊತೆ ಬರೆದದ್ದು, ಕುಡಿದು ಬಂದು ಪ್ರೀತಿ ಬೇಡುವ ಗಂಡನಿಗೆ ಬಾಗಿಲಲ್ಲೇ ಹೇಳಿದ ಮಾತು. 1968ರ 'ಫಿಸ್ಟ್ ಸಿಟಿ'ಯಲ್ಲಿ ಜುಟ್ಟು ಹಿಡಿದೆತ್ತುವ ಬೆದರಿಕೆಯೇ ಇದೆ. ಜಗಳದ ಒಂದು ಪಕ್ಷ ಮಾತ್ರ ನಮಗೆ ಕೇಳಿಸುತ್ತದೆ, ಇನ್ನೊಂದನ್ನು ನಾವೇ ಊಹಿಸಿಕೊಳ್ಳುತ್ತೇವೆ.

1975ರ 'ದಿ ಪಿಲ್' ಗರ್ಭನಿರೋಧಕ ಗುಳಿಗೆಯ ಕುರಿತದ್ದು, ಮತ್ತು ಅದರ ರಚನೆಯಲ್ಲಿ ಇತರರ ಕೈಯೂ ಇದೆ. ಸದಾ ಬಸುರಿಯಾಗಿಯೇ ಇದ್ದ ಹೆಂಡತಿ ತನ್ನನ್ನು ಮೊಟ್ಟೆಗೆ ಕಾವು ಕೊಡುವ ಕೋಳಿಗೆ ಹೋಲಿಸಿಕೊಂಡು, ಇನ್ನು ಆ ಗೂಡನ್ನೇ ಕಿತ್ತುಹಾಕುತ್ತೇನೆಂದು ಗಂಡನಿಗೆ ನಗುತ್ತಲೇ ತಿಳಿಸುತ್ತಾಳೆ. ಅನೇಕ ರೇಡಿಯೊ ಕೇಂದ್ರಗಳು ಹಾಡನ್ನು ನಿಷೇಧಿಸಿದವು. ಆದರೂ ಅದು ಕಂಟ್ರಿ ಪಟ್ಟಿಯ ಐದನೇ ಸ್ಥಾನದವರೆಗೆ ಹೋಯಿತು. ವಾದ ಮಂಡಿಸಿದ್ದರೆ ಯಾರೂ ಕಿವಿಗೊಡುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕೋಳಿಗೂಡಿನ ಮಾತು ಹಳ್ಳಿಯ ಹೆಂಗಸಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಈ ಎಲ್ಲಕ್ಕೆ ಅಪವಾದವೆನಿಸುವುದು 1970ರ 'ಕೋಲ್ ಮೈನರ್ಸ್ ಡಾಟರ್' (ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು). ಇಲ್ಲಿ ಜಗಳವಿಲ್ಲ, ಎದುರಾಳಿಯಿಲ್ಲ, ಪಲ್ಲವಿಯೂ ಇಲ್ಲವೆನ್ನಬಹುದು. ಬಟ್ಟೆ ಒಗೆದೊಗೆದು ತಾಯಿಯ ಬೆರಳುಗಳಲ್ಲಿ ರಕ್ತ ಬಂದದ್ದು, ಹಂದಿ ಮಾರಿದ ಹಣದಲ್ಲಿ ಚಳಿಗಾಲಕ್ಕೆ ಬೂಟು ತರಿಸಿದ್ದು, ಬೇಸಿಗೆಯಲ್ಲಿ ಬರಿಗಾಲಲ್ಲೇ ತಿರುಗಿದ್ದು ಒಂದರ ಹಿಂದೊಂದು ಬರುತ್ತವೆ, ಕಥೆ ಸಾಗಿದಂತೆ ಶ್ರುತಿ ಮೇಲೇರುತ್ತದೆ. ಲೊರೆಟ್ಟಾ ಬರೆದಿದ್ದ ಪದ್ಯಗಳು ಇನ್ನೂ ಹೆಚ್ಚಿದ್ದವು. ನಿರ್ಮಾಪಕ ಓವೆನ್ ಬ್ರಾಡ್ಲಿ ಕೆಲವನ್ನು ಬಿಡಿಸಿದರು. ನನಗೆ ಅತ್ಯಂತ ಪ್ರಿಯವಾದದ್ದು ಒಂದು ಪ್ರಾಸ: 'ಹಾರ್ಡ್' ಮತ್ತು 'ಟೈಯರ್ಡ್'. ಕಾಗದದ ಮೇಲೆ ಇವು ಕೂಡುವುದಿಲ್ಲ. ಕೆಂಟಕಿಯ ಬಾಯಿಯಲ್ಲಿ ಎರಡನೆಯದು 'ಟಾರ್ಡ್' ಆಗುತ್ತದೆ, ಪ್ರಾಸ ತಾನಾಗಿ ಬೀಳುತ್ತದೆ. ಹುಟ್ಟಿದೆ ಎನ್ನಲು 'ಬಾರ್ನ್' ಎಂಬಲ್ಲಿ 'ಬಾರ್ನ್ಡ್' ಎಂದದ್ದನ್ನೂ ಲೊರೆಟ್ಟಾ ತಿದ್ದಲಿಲ್ಲ. ತಮ್ಮ ಊರಿನ ಉಚ್ಚಾರವನ್ನು ಗ್ರಂಥಸ್ಥ ಕನ್ನಡಕ್ಕೆ ಒಗ್ಗಿಸಲು ಹೆಣಗಿ ಹಾಡನ್ನೇ ಸಾಯಿಸುವ ವಿದ್ಯಾರ್ಥಿಗಳಿಗೆ ಈ ಸಾಲನ್ನು ಎರಡೆರಡು ಸಲ ಕೇಳಿಸುತ್ತೇನೆ.

1972ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಕಲಾವಿದ ಪ್ರಶಸ್ತಿ ಮೊದಲ ಬಾರಿಗೆ ಒಬ್ಬ ಮಹಿಳೆಗೆ ಸಂದಿತು, ಆ ಮಹಿಳೆ ಲೊರೆಟ್ಟಾ. ಅದೇ ದಶಕದಲ್ಲಿ ಅವರ ಲೇಖನಿ ನಿಧಾನವಾಯಿತು. ತಮ್ಮ ಹಾಡುಗಳ ಪ್ರಕಾಶನದ ಹಕ್ಕು ಹಿಂದೆ ಮಾಡಿಕೊಂಡ ಒಪ್ಪಂದದಲ್ಲಿ ಸಿಕ್ಕಿಕೊಂಡು, ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿತ್ತು. ಇತರರು ಬರೆದದ್ದನ್ನು ಅವರು ಚೆನ್ನಾಗಿಯೇ ಹಾಡಿದರು. ಅದಕ್ಕಿಂತ ಮೊದಲೇ, ಅಡುಗೆಮನೆಯ ಗದ್ದಲದಲ್ಲಿ ಮುಳುಗಿದ ಬಸುರಿಯ ಕುರಿತು ಕವಿ ಶೆಲ್ ಸಿಲ್ವರ್‌ಸ್ಟೀನ್ ಬರೆದ ಹಾಡನ್ನು ಕೇಳಿದವರು ಅದು ಲೊರೆಟ್ಟಾ ಬರೆದದ್ದಲ್ಲವೆಂದರೆ ನಂಬುವುದಿಲ್ಲ.

2004ರಲ್ಲಿ, ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಮೊಮ್ಮಗನ ಪ್ರಾಯದ ರಾಕ್ ಕಲಾವಿದ ಜ್ಯಾಕ್ ವೈಟ್ ಜೊತೆಗೂಡಿ ಅವರು 'ವ್ಯಾನ್ ಲಿಯರ್ ರೋಸ್' ಆಲ್ಬಂ ತಂದರು. ಅದಕ್ಕೆ ಎರಡು ಗ್ರ್ಯಾಮಿ ಪ್ರಶಸ್ತಿಗಳು ಬಂದವು. 2022ರ ಅಕ್ಟೋಬರ್ 4ರಂದು ಟೆನೆಸ್ಸಿಯ ಹರಿಕೇನ್ ಮಿಲ್ಸ್‌ನಲ್ಲಿ ಅವರು ತೀರಿಕೊಂಡರು. ವ್ಯಾನ್ ಲಿಯರ್ ಎಂಬುದು ಅವರ ತಂದೆ ದುಡಿದ ಗಣಿಯ ಊರು. ಶೀರ್ಷಿಕೆಗೀತೆಯಲ್ಲಿ, ಗಣಿಯ ಗೆಳೆಯರೆಲ್ಲ ನಗುತ್ತಿದ್ದಾಗ ಊರ ಚೆಲುವೆಯನ್ನು ತಾನು ಒಲಿಸಿಕೊಂಡ ಕಥೆಯನ್ನು ತಂದೆ ಹೇಳುತ್ತಿದ್ದಾನೆ. ಕೇಳುತ್ತಿರುವವಳು ಮಗಳು, ಆ ಚೆಲುವೆ ಅವಳ ತಾಯಿ.